ಇನ್ನೊಂದು ಸಲ ಹಾಕು

ಮೊದಲು ಕಂಡದ್ದು ಹಳದಿ ಟೋಪಿ.

ಹನ್ನೆರಡು ಅಡಿ ಆಳದ ಗುಂಡಿಯಲ್ಲಿ ಯಾರೋ ಟೋಪಿ ಬಿಟ್ಟು ಹೋಗಿದ್ದಾರೆ ಅಂದುಕೊಂಡ ಸೌಂಡು. ಬಗ್ಗಿ ನೋಡಿದ. ಬಿಟ್ಟು ಹೋಗಿರಲಿಲ್ಲ. ಟೋಪಿ ತಲೆಯ ಮೇಲೆಯೇ ಇತ್ತು. ತಲೆಯ ಕೆಳಗೆ ಕತ್ತು, ಎರಡು ಭುಜ, ಮೇಲಕ್ಕೆ ಚಾಚಿದ ಒಂದು ಕೈ. ಅಲ್ಲಿಂದ ಕೆಳಗೆ ಬರೀ ಮಣ್ಣು.

"ಭಾವಾ?"

ಅಂಚಿನಲ್ಲಿ ಮಂಡಿಯೂರಿ ಇನ್ನೂ ಬಗ್ಗಿದ.

"ಭಾವಾ!"

ಸೌಂಡುವಿನ ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿ ಇತ್ತು, ಇಬ್ಬರಿಗೂ ಸೇರಿಸಿ ಒಂದೇ. ಅದನ್ನು ನೆಲಕ್ಕಿಟ್ಟು, ಇಳಿಯಲು ಏಣಿ ಹುಡುಕಿದ. ಏಣಿ ಇರಲಿಲ್ಲ. ಗುಂಡಿಯ ಸುತ್ತ ಎರಡು ಸುತ್ತು ಓಡಿದ. ಆಮೇಲೆ ಶಾಮಿಯಾನದ ಕಡೆ ಓಡಿದ. ಆಗ ಮಧ್ಯಾಹ್ನ ಒಂದೂವರೆ.

ಸೌಂಡು ಅನ್ನುವುದು ಕೆಲಸ ಕೊಟ್ಟ ಹೆಸರು. ಧ್ವನಿವರ್ಧಕ, ಮೈಕು, ಮೀಟರುಗಳ ನಡುವೆ ವ್ಯಾನಿನಲ್ಲಿ ಕೂರುವವನಿಗೆ ಬೇರೆ ಹೆಸರು ಇದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ. ಮನೆಯಲ್ಲೂ ಅದೇ ನಿಂತುಬಿಟ್ಟಿತ್ತು. ಗುಂಡಿಯಲ್ಲಿದ್ದವನು ಅವನ ಅಕ್ಕನ ಗಂಡ, ಮಣ್ಣು ಪರೀಕ್ಷೆಯ ಎಂಜಿನಿಯರ್. ಎಲ್ಲರ ಬಾಯಲ್ಲಿ ಮಣ್ಣು ಮೇಷ್ಟ್ರು. ಈ ಕಂಪನಿಯಲ್ಲಿ ಭಾಮೈದನಿಗೆ ಕೆಲಸ ಕೊಡಿಸಿದವನೂ ಅವನೇ.

ಇಬ್ಬರೂ ಆ ದಿನ ಬಯಲಿಗೆ ಬಂದದ್ದು ಒಂದೇ ಕಾರಣಕ್ಕೆ. ದೇಶದಲ್ಲೇ ಅತಿ ದೊಡ್ಡ ಥೀಮ್ ಪಾರ್ಕನ್ನು ಎಲ್ಲಿ ಕಟ್ಟಬೇಕು ಅನ್ನುವುದು ಆ ದಿನ ಹನ್ನೆರಡು ಗಂಟೆಗೆ ತೀರ್ಮಾನವಾಗಬೇಕಿತ್ತು. ಆಗಿತ್ತು ಕೂಡ. ಇದೇ ಬಯಲು ಗೆದ್ದಿತ್ತು. ಸಹಿ ಬಿದ್ದು ಒಂದೂವರೆ ಗಂಟೆಯಾಗಿತ್ತು. ಶಾಮಿಯಾನದಲ್ಲಿ ಜನ ಇನ್ನೂ ಕೈ ಕುಲುಕುತ್ತಿದ್ದರು.

*

ತನಿಖಾಧಿಕಾರಿ ಬಂದಾಗ ಮೂರು ಗಂಟೆ. ಐವತ್ತು ದಾಟಿದ ಕುಳ್ಳಗಿನ ಹೆಂಗಸು. ಬಯಲಿನ ಧೂಳಿಗೆ ಮೂಗು ಸುರಿಯುತ್ತಿತ್ತು. ಕರವಸ್ತ್ರದಲ್ಲಿ ಮೂಗು ಒತ್ತಿಕೊಂಡೇ ಗುಂಡಿಯ ಅಂಚಿಗೆ ಬಂದು, ಬಗ್ಗಿ, ಬಹಳ ಹೊತ್ತು ನೋಡಿದಳು.

"ಸತ್ತು ಎಷ್ಟು ಹೊತ್ತಾಗಿದೆ?"

"ಹನ್ನೊಂದೂವರೆಯಿಂದ ಹನ್ನೆರಡರ ಒಳಗೆ," ಅಂದರು ಡಾಕ್ಟರು.

"ತಕ್ಷಣ ಸತ್ತನಾ?"

ಡಾಕ್ಟರು ಸೌಂಡುವಿನ ಮುಖ ನೋಡಿದರು.

"ಹೇಳಿ. ಇವರಿಗೂ ಗೊತ್ತಾಗಲಿ."

"ಇಲ್ಲ. ಮೊದಲು ಸೊಂಟದವರೆಗೆ ಹೂತುಹೋಗಿದ್ದಾರೆ. ಆಮೇಲೆ ಒಂದೊಂದೇ ಹೆಂಟೆ ಬಿದ್ದಿದೆ. ಎದೆ ಮುಚ್ಚಿದ ಮೇಲೆ ಉಸಿರು ಬಿಡಬಹುದು, ಎಳೆದುಕೊಳ್ಳೋಕೆ ಜಾಗ ಇರಲ್ಲ. ಬಿಟ್ಟಾಗೆಲ್ಲ ಮಣ್ಣು ಇನ್ನೂ ಬಿಗಿ ಆಗುತ್ತೆ."

"ಅಂದ್ರೆ ಕೂಗಿರಬೇಕು."

"ಕೂಗಿರ್ತಾರೆ. ಬಹಳ."

"ಶಾಮಿಯಾನ ಇಲ್ಲಿಂದ ಎಷ್ಟು ದೂರ?"

"ಮುನ್ನೂರು ಹೆಜ್ಜೆ," ಅಂದ ಸೌಂಡು.

"ಅಲ್ಲಿದ್ದವರಿಗೆ ಯಾರಿಗೂ ಕೇಳಿಸಲಿಲ್ವಾ?"

ಸೌಂಡು ವ್ಯಾನಿನ ಕಡೆ ನೋಡುತ್ತ ಹೇಳಿದ. ಆ ಹೊತ್ತಿನಲ್ಲಿ ಬಯಲಿನ ತುಂಬ ಕೂಗಾಟವೇ ಇತ್ತು. ಪಾರ್ಕು ಬಂದರೆ ಸುತ್ತಲಿನ ಜನಕ್ಕೆ ಎಷ್ಟು ಶಬ್ದ ಕೇಳಿಸುತ್ತದೆ ಅನ್ನುವ ಪರೀಕ್ಷೆ. ಕಂಪನಿಯ ಹಳೆಯ ಚಿಕ್ಕ ಪಾರ್ಕಿನಲ್ಲಿ, ಎತ್ತರದಿಂದ ಬೀಳುವ ತೊಟ್ಟಿಲುಗಳಲ್ಲಿ ಕೂತ ಜನರ ಕಿರುಚಾಟವನ್ನು ಅವನೇ ರೆಕಾರ್ಡ್ ಮಾಡಿಕೊಂಡು ಬಂದಿದ್ದ. ಐದು ನಿಮಿಷದ ಕಿರುಚಾಟ. ಅದನ್ನು ವ್ಯಾನಿನ ಮೇಲಿನ ದೊಡ್ಡ ಹಾರ್ನುಗಳಲ್ಲಿ ಪೂರ್ತಿ ಜೋರಾಗಿ ಹಾಕಿದ್ದ.

ತನಿಖಾಧಿಕಾರಿ ಮೂಗು ಒರೆಸುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

"ಅಂದ್ರೆ ಇಲ್ಲೊಬ್ಬ ಸಾಯ್ತಾ ಕಿರುಚ್ತಿದ್ದಾಗ, ಅಲ್ಲಿ ನೀವೆಲ್ಲ ಕಿರುಚಾಟ ಕೇಳ್ತಾ ಬಿಸ್ಕತ್ತು ತಿಂತಿದ್ರಿ."

ಅವಳು ಅದನ್ನು ಬೈಗುಳದಂತೆ ಹೇಳಲಿಲ್ಲ. ಬರೆದುಕೊಳ್ಳುವ ಮುಂಚೆ ಸರಿ ಇದೆಯೇ ಎಂದು ಕೇಳಿದ ಹಾಗಿತ್ತು.

ಏಣಿ ಸಿಕ್ಕಿತು. ನಲವತ್ತು ಹೆಜ್ಜೆ ದೂರದ ಮಣ್ಣಿನ ರಾಶಿಯ ಹಿಂದೆ, ಅಂದವಾಗಿ ಮಲಗಿಸಿತ್ತು. ಹಗುರವಾದ ಅಲ್ಯೂಮಿನಿಯಂ ಏಣಿ. ಯಾರು ಬೇಕಾದರೂ ಒಂದೇ ಕೈಯಲ್ಲಿ ಎತ್ತಬಹುದು. ಗುಂಡಿಯ ಗೋಡೆಗೆ ಒತ್ತುಕೊಟ್ಟಿದ್ದ ಅಡ್ಡಮರಗಳಲ್ಲಿ ಒಂದು ಕಿತ್ತು ಬಂದಿತ್ತು. ಅದರ ಮೇಲೆ ಬೂಟಿನ ಗೀರು.

"ಏಣಿ ಇಲ್ಲ ಅಂತ ಈ ಮರ ಹಿಡಿದು ಹತ್ತೋಕೆ ನೋಡಿದಾರೆ," ಅಂದಳು. "ಮರ ಕಿತ್ತುಬಂತು. ಗೋಡೆ ಅವರ ಮೇಲೆ ಕುಸೀತು. ಫೋನ್ ಮಾಡಬಹುದಿತ್ತಲ್ಲ?"

"ಇಲ್ಲಿ ಸಿಗ್ನಲ್ ಇಲ್ಲ ಮೇಡಂ. ಅದಕ್ಕೇ ನಾವು ವಾಕಿಟಾಕಿ ಇಟ್ಕೊಂಡಿರೋದು. ಒಂದು ಶಾಮಿಯಾನದಲ್ಲಿ, ಒಂದು ನನ್ನ ವ್ಯಾನಲ್ಲಿ."

"ಗುಂಡಿಗೆ?"

"ಇರಲಿಲ್ಲ."

*

ಶಾಮಿಯಾನದಲ್ಲಿದ್ದವರು ನಾಲ್ವರು. ಕಂಪನಿಯ ಯಜಮಾನರು, ಎಪ್ಪತ್ತೆಂಟು ವರ್ಷದ ದೊಡ್ಡವರು. ಅವರ ಮಗಳು, ಕೆಲಸದವರಿಗೆಲ್ಲ ಅಮ್ಮಾವ್ರು. ಅವಳಿಗಿಂತ ಆರು ವರ್ಷ ಚಿಕ್ಕವನಾದ ಮಗ. ಮತ್ತೆ ಪ್ಲಾನರ್, ಜಾಗಗಳಿಗೆ ಅಂಕ ಹಾಕುವವನು.

ಪ್ಲಾನರ್ ಪಟ್ಟಿ ಬಿಡಿಸಿ ತೋರಿಸಿದ. ಮೂರು ಜಾಗ. ನದಿ ದಂಡೆಯನ್ನು ಪ್ರವಾಹದ ಭಯಕ್ಕೆ ಮೊದಲೇ ಕೈಬಿಟ್ಟಿದ್ದರು. ಉಳಿದದ್ದು ಈ ಬಯಲು ಮತ್ತು ಊರಾಚೆಯ ಹಳೇ ಕಲ್ಲುಕ್ವಾರಿ. ಹೆದ್ದಾರಿ, ರೈಲು, ನೀರು, ಕರೆಂಟು, ಗಾಳಿ, ಮಣ್ಣು, ಶಬ್ದ, ಎಲ್ಲಕ್ಕೂ ಅಂಕ. ಒಟ್ಟು ನೂರು. ಬಯಲಿಗೆ ಎಂಬತ್ತನಾಲ್ಕು, ಕ್ವಾರಿಗೆ ಎಂಬತ್ತೆರಡು.

"ಬಯಲು ಯಾರಿಗೆ ಬೇಕಿತ್ತು?"

"ಅಮ್ಮಾವ್ರಿಗೆ. ಕ್ವಾರಿ ಚಿಕ್ಕ ಸಾಹೇಬರಿಗೆ."

"ಬೇಕಿತ್ತು ಅಂದ್ರೆ? ಇಬ್ಬರದೂ ಒಂದೇ ಕಂಪನಿ ತಾನೇ?"

ಪ್ಲಾನರ್ ದನಿ ತಗ್ಗಿಸಿದ. "ದೊಡ್ಡವರು ಪಂದ್ಯ ಕಟ್ಟಿದಾರೆ ಮೇಡಂ. ಯಾರು ಹುಡುಕಿದ ಜಾಗ ಗೆಲ್ಲುತ್ತೋ ಯಜಮಾನಿಕೆಯ ಕುರ್ಚಿ ಅವರಿಗೆ. ಸೋತವರು ಗೇಟಲ್ಲಿ ನಿಂತು ಟಿಕೆಟ್ ಹರೀಬೇಕು. ಊಟಕ್ಕೆ ಬಂದ ನೆಂಟರ ಮುಂದೆಲ್ಲ ಇಬ್ಬರನ್ನೂ ನಿಲ್ಲಿಸಿ ಹೇಳಿ ನಗ್ತಾರೆ."

"ಮಣ್ಣಿನ ವರದಿ ಬಂತಾ?"

"ಹೋದ ತಿಂಗಳ ವರದಿ ಇತ್ತು. ಹತ್ತಕ್ಕೆ ಒಂಬತ್ತು. ಇವತ್ತು ಮಣ್ಣು ಮೇಷ್ಟ್ರು ಕೊನೆಯದಾಗಿ ಒಂದು ಸಲ ನೋಡಬೇಕಿತ್ತು. ಹನ್ನೆರಡರ ಒಳಗೆ ಬಂದದ್ದು ಲೆಕ್ಕಕ್ಕೆ, ಆಮೇಲೆ ಬಂದದ್ದು ಕಸಕ್ಕೆ, ಅಂತ ದೊಡ್ಡವರ ನಿಯಮ. ಅವರು ಬರಲಿಲ್ಲ. ಹಳೇ ಅಂಕ ಹಾಕಿದೆ."

"ಬರದೇ ಇದ್ದವನನ್ನ ಹುಡುಕಲಿಲ್ಲ?"

"ಲ್ಯಾಬಿಗೆ ಹೋಗಿರಬಹುದು ಅಂದ್ಕೊಂಡ್ವಿ."

ದೊಡ್ಡವರ ಸರದಿ ಬಂತು. ಅವರು ಗಾಲಿಕುರ್ಚಿಯಲ್ಲಿ ಕೂತು ಶಾಲು ಸರಿಪಡಿಸಿಕೊಳ್ಳುತ್ತಿದ್ದರು. ಮೊದಲ ಪ್ರಶ್ನೆಗೆ ಕೈ ಅಡ್ಡ ಹಿಡಿದು, ಕೋಟಿನ ಜೇಬಿನಿಂದ ಚಿಕ್ಕದೊಂದು ಡಬ್ಬಿ ತೆಗೆದು, ಕಿವಿಯ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಹಾಂ, ಈಗ ಕೇಳಿ. ಹನ್ನೊಂದು ಗಂಟೆಗೆ ಕಿತ್ತಿಟ್ಟವನು ಈಗ ಹಾಕ್ಕೋತಿದೀನಿ. ಆ ಗಲಾಟೆಲಿ ಹಾಕ್ಕೊಂಡಿದ್ರೆ ತಲೆ ಹೋಳಾಗ್ತಿತ್ತು."

"ಒಬ್ಬ ಮನುಷ್ಯ ಸತ್ತಿದಾನೆ."

"ಗೊತ್ತು. ಒಳ್ಳೇ ಕೆಲಸಗಾರ. ಅಂದ ಹಾಗೆ, ನಮ್ಮ ಪಾರ್ಕಿನ ಹೆಸರು ಪೇಪರ್‌ನಲ್ಲಿ ಬರುತ್ತಾ ಇದರ ಜೊತೆ?"

ಮಗನ ಮುಖ ಬಿಳಿಚಿತ್ತು. ಬೆಳಗ್ಗೆ ಹತ್ತೂವರೆಗೆ ಅವನು ಗುಂಡಿಯ ಕಡೆ ನಡೆದುಹೋದದ್ದನ್ನು ಇಬ್ಬರು ನೋಡಿದ್ದರು.

"ಸಿಗರೇಟಿಗೆ ಹೋಗಿದ್ದೆ. ಅಪ್ಪನ ಮುಂದೆ ಸೇದೋ ಹಾಗಿಲ್ಲ."

"ಎಷ್ಟು ವಯಸ್ಸು ನಿಮಗೆ?"

"ನಲವತ್ತೆರಡು."

"ಮಣ್ಣು ಮೇಷ್ಟ್ರ ಜೊತೆ ನಿನ್ನೆ ಜಗಳ ಆಡಿದ್ರಂತೆ?"

"ಬಯಲಿಗೆ ಒಂಬತ್ತು ಅಂಕ, ನನ್ನ ಕ್ವಾರಿಗೆ ಏಳು ಹಾಕಿದಾರೆ ಅಂತ ಕೂಗಾಡಿದೆ. ಬೈದೆ, ನಿಜ. ಅದಕ್ಕೆ ಕೊಲ್ತಾರಾ?"

"ಈ ಬಯಲಿನ ಮಣ್ಣು ಕುಸಿದು ಒಬ್ಬ ಸತ್ತ ಅಂದ್ರೆ ಈ ಜಾಗ ಬೇಡ ಅಂತಾರೆ. ಆಗ ಗೆಲ್ಲೋದು ಯಾರು?"

ಅವನು ಜೇಬಿನಿಂದ ಸಿಗರೇಟು ತೆಗೆದು, ಅಪ್ಪನ ಕಡೆ ನೋಡಿ, ವಾಪಸ್ ಇಟ್ಟ. ದೂರದಲ್ಲಿ ನಿಂತಿದ್ದ ಸೌಂಡು ಅವನನ್ನು ನುಂಗುವಂತೆ ನೋಡಿದ.

ಅಮ್ಮಾವ್ರು ಅತ್ತಿದ್ದಳು, ಕಣ್ಣು ಕೆಂಪಾಗಿದ್ದವು. ಹತ್ತೂ ಮುಕ್ಕಾಲಿಗೆ ತನ್ನ ಕಾರಿನಲ್ಲಿ ಒಬ್ಬಳೇ ಬಂದೆ, ಬಂದವಳು ಅಪ್ಪನ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ ಎಂದಳು. ಅದು ನಿಜವೆಂದು ಪ್ಲಾನರ್ ಹೇಳಿದ. ಪ್ಲಾನರ್ ಮಾತ್ರ ಹತ್ತೂವರೆಗೆ ಕಾರಿನಿಂದ ಕಾಗದ ತರಲು ಹೋಗಿ ಹತ್ತು ನಿಮಿಷ ಬಿಟ್ಟು ಬಂದಿದ್ದ.

ಹೊರಡುವ ಮುಂಚೆ ಅಮ್ಮಾವ್ರು ಸೌಂಡುವಿನ ಹತ್ತಿರ ಬಂದು ಭುಜ ಮುಟ್ಟಿದಳು.

"ನಿಮ್ಮಕ್ಕನಿಗೆ ನಾನಿದೀನಿ ಅಂತ ಹೇಳು. ಆಫೀಸಿನಲ್ಲಿ ಕೆಲಸ ಕೊಡ್ತೀನಿ. ನಾಳೆ ಮನೆಗೆ ಬರ್ತೀನಿ."

ಬಂದಳು ಕೂಡ, ಬೆಳಗಾಗುತ್ತಲೇ. ಅಕ್ಕನ ಪಕ್ಕ ನೆಲದ ಮೇಲೆ ಕೂತು, ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತಿದ್ದಳು. ಅಷ್ಟು ದೊಡ್ಡವರು ನಮ್ಮಂಥವರ ಮನೆಯ ನೆಲದ ಮೇಲೆ ಕೂತರಲ್ಲ ಎಂದು ಸೌಂಡುವಿಗೆ ಕಣ್ಣು ತುಂಬಿತು.

*

ಎರಡನೇ ದಿನ ತನಿಖಾಧಿಕಾರಿ ಅವನನ್ನು ಠಾಣೆಗೆ ಕರೆಸಿದಳು. ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆ ಅವನ ಹೆಡ್‌ಫೋನು, ಅವನ ಯಂತ್ರ.

"ಪರೀಕ್ಷೆ ಎಷ್ಟು ಹೊತ್ತು ಮಾಡಬೇಕಿತ್ತು?"

"ಹದಿನೈದು ನಿಮಿಷ. ಹನ್ನೊಂದಕ್ಕೆ ಶುರು. ಪೂರ್ವಕ್ಕೆ ಬಡಾವಣೆ, ದಕ್ಷಿಣಕ್ಕೆ ಆಸ್ಪತ್ರೆ, ಪಶ್ಚಿಮಕ್ಕೆ ಶಾಲೆ. ಹಾರ್ನ್ ಒಂದೊಂದು ದಿಕ್ಕಿಗೆ ತಿರುಗಿಸಿ ಒಂದೊಂದು ಸಲ. ಅಲ್ಲಲ್ಲಿ ನಮ್ಮವರು ಮೀಟರ್ ಹಿಡಿದು ನಿಂತಿದ್ರು."

"ಎಷ್ಟು ಹೊತ್ತು ಮಾಡಿದ್ರಿ?"

"ಐವತ್ತೈದು ನಿಮಿಷ."

"ಯಾಕೆ?"

"ದೊಡ್ಡವರಿಗೆ ಬಹಳ ಖುಷಿ ಆಯ್ತಂತೆ. ಇನ್ನೊಂದು ಸಲ, ಇನ್ನೊಂದು ಸಲ ಅಂದ್ರು. ಅವರು ಅಂದ್ಮೇಲೆ ಇಲ್ಲ ಅನ್ನೋಕಾಗುತ್ತಾ?"

"ನಾಲ್ಕನೇ ಸಲ ಹಾರ್ನ್ ಯಾವ ದಿಕ್ಕಿಗಿತ್ತು?"

"ಶಾಮಿಯಾನಕ್ಕೆ. ದೊಡ್ಡವರಿಗೆ ಚೆನ್ನಾಗಿ ಕೇಳಿಸಲಿ ಅಂತ."

"ಮೀಟರ್ ಹಿಡಿದಿದ್ದವರು?"

"ಮೂರನೇ ಸಲಕ್ಕೆ ಅವರ ಕೆಲಸ ಮುಗೀತು. ಗಾಡಿ ಹತ್ತಿ ಹೋದ್ರು."

"ಅಂದ್ರೆ ನಲವತ್ತು ನಿಮಿಷ ಯಾರೂ ಅಳೀಲಿಲ್ಲ. ಸುಮ್ಮನೆ ಕೂಗಾಟ."

"ಹೌದು."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಹೆಡ್‌ಫೋನನ್ನು ಅವನ ಕಡೆ ತಳ್ಳಿದಳು.

"ವ್ಯಾನಿನ ಮೇಲೆ ನಿಮ್ಮದೊಂದು ಮೈಕ್ ಇತ್ತು. ಹೊರಗಿನದೆಲ್ಲ ರೆಕಾರ್ಡ್ ಆಗ್ತಿತ್ತು. ಬಾಗಿಲು ಹಾಕ್ಕೊಂಡು ಅದನ್ನೇ ಕೇಳ್ತಾ ಕೂತಿದ್ರಿ. ಮೂರನೇ ಸಲ ಮುಗಿದು ನಾಲ್ಕನೇದು ಶುರುವಾಗೋ ತನಕ ಹನ್ನೊಂದು ಸೆಕೆಂಡ್ ಖಾಲಿ ಇದೆ. ಹಾಕ್ಕೊಳ್ಳಿ."

ಹಾಕಿಕೊಂಡ. ಗಾಳಿ. ಶಾಮಿಯಾನದ ಬಟ್ಟೆ ಪಟಪಟ. ಆಮೇಲೆ, ದೂರದಿಂದ, ನೆಲದೊಳಗಿಂದ ಬಂದ ಹಾಗೆ —

*ಸೌಂಡೂ... ನಿಲ್ಸೋ... ಸೌಂಡೂ...*

ಅವನು ಹೆಡ್‌ಫೋನ್ ಕಿತ್ತ. ತನಿಖಾಧಿಕಾರಿ ಕಾಯುತ್ತಿದ್ದಳು.

"ಆವತ್ತೂ ಕೇಳಿಸಿತ್ತು. ಅಲ್ವಾ?"

"ಮೇಡಂ..."

"ಆ ರೆಕಾರ್ಡಿಂಗಿನ ಒಂದೊಂದು ಕೂಗೂ ನಿಮಗೆ ಗೊತ್ತು. ಇದು ಅದರಲ್ಲಿಲ್ಲ ಅಂತಲೂ ಗೊತ್ತಿತ್ತು."

"ಏನೋ ಕೇಳಿಸ್ತು. ನನ್ನನ್ನೇ ಕರೆದ ಹಾಗಾಯ್ತು. ಎಲ್ಲಿಂದಲೋ ಪ್ರತಿಧ್ವನಿ ಇರಬಹುದು ಅಂದ್ಕೊಂಡೆ. ಇಳಿದು ನೋಡೋಣ ಅಂತ ಬಾಗಿಲಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ವಾಕಿಟಾಕಿ ಬಂತು."

"ಏನು ಅಂತ?"

"'ನಿಲ್ಲಿಸಬೇಡ. ಅಪ್ಪ ಇನ್ನೊಂದು ಸಲ ಅಂತಿದಾರೆ. ಹಾರ್ನ್ ನಮ್ಮ ಕಡೆ ತಿರುಗಿಸು. ಇನ್ಮೇಲೆ ನಡುವೆ ಗ್ಯಾಪ್ ಬಿಡಬೇಡ.'"

"ಅಪ್ಪ ಅಂತ ಅಂದದ್ದು ಯಾರು?"

"ಅಮ್ಮಾವ್ರು."

ತನಿಖಾಧಿಕಾರಿ ತಲೆಯಾಡಿಸಿದಳು. ಅದನ್ನು ಬರೆದುಕೊಳ್ಳಲಿಲ್ಲ.

"ಈಗ ಇನ್ನೊಂದು ಕೆಲಸ ಇದೆ. ನಿಮ್ಮಿಂದ ಮಾತ್ರ ಆಗೋದು. ಉಳಿದ ನಲವತ್ತು ನಿಮಿಷ ಪೂರ್ತಿ ಕೇಳಬೇಕು. ನಿಮ್ಮ ರೆಕಾರ್ಡಿಂಗಿನದಲ್ಲದ ಒಂದೊಂದು ಕೂಗಿಗೂ ಟೈಮ್ ಬರೀಬೇಕು."

"ನನ್ನ ಕೈಲಿ ಆಗಲ್ಲ ಮೇಡಂ."

"ಆಗುತ್ತೆ. ಪೆನ್ಸಿಲ್ ತಗೊಳ್ಳಿ."

ಅವಳು ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೌಂಡು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ಕೋಣೆಯಲ್ಲಿ ಕೂತ. ತೊಟ್ಟಿಲಲ್ಲಿ ಕೂತು ನಗುನಗುತ್ತ ಕಿರುಚುವ ಹೆಂಗಸರ ಮಧ್ಯೆ, ಕಾಲೇಜು ಹುಡುಗಿಯರ ಕೇಕೆಯ ಮಧ್ಯೆ, ತನ್ನ ಭಾವನನ್ನು ಹೆಕ್ಕಿ ಹೆಕ್ಕಿ ತೆಗೆದ. ಹಾಳೆಯಲ್ಲಿ ಅರವತ್ತಮೂರು ಗೆರೆಗಳಾದವು. ಮೊದಮೊದಲು ಹತ್ತಿರ ಹತ್ತಿರ. ಆಮೇಲೆ ದೂರ ದೂರ.

*

ಮೂರನೇ ದಿನ ಎಲ್ಲರನ್ನೂ ಕಂಪನಿಯ ಆಫೀಸಿನ ಮಾದರಿ ಕೋಣೆಗೆ ಸೇರಿಸಲಾಯಿತು. ನಡುವೆ ಊಟದ ಮೇಜಿನಷ್ಟು ದೊಡ್ಡ ಮಾದರಿ: ಪ್ಲಾಸ್ಟರಿನ ಬಯಲು, ಗಾಜಿನ ಕೊಳ, ಗೆಣ್ಣುದ್ದದ ಮನುಷ್ಯರು, ಮಧ್ಯದಲ್ಲಿ ಕೆಂಪು ಟವರ್. ದೊಡ್ಡವರು ಗಾಲಿಕುರ್ಚಿಯಲ್ಲಿ. ಅಕ್ಕಪಕ್ಕ ಮಗಳು, ಮಗ. ಗೋಡೆಗೊರಗಿ ಪ್ಲಾನರ್. ಬಾಗಿಲ ಬಳಿ ಸೌಂಡು. ಅವನಿಗೆ ಯಾರೂ ಕುರ್ಚಿ ಕೊಡಲಿಲ್ಲ.

"ಸತ್ತವರ ಅಂಗಿ ಜೇಬಲ್ಲಿ ಒಂದು ಪುಸ್ತಕ ಸಿಕ್ತು," ಅಂದಳು ತನಿಖಾಧಿಕಾರಿ. "ಕೊನೇ ಪುಟ ಓದ್ತೀನಿ. 'ಪೂರ್ವದ ಗೋಡೆ, ಒಂಬತ್ತು ಅಡಿ. ಟೊಳ್ಳು. ಹಿಂದಿನ ವರದಿ ತಪ್ಪು. ಟವರ್ ನಿಲ್ಲಲ್ಲ. ಅಂಕ ಎರಡು.'"

ಪ್ಲಾನರ್ ನೆಟ್ಟಗಾದ. "ಎರಡಾ? ಹಾಗಿದ್ರೆ ಬಯಲಿಗೆ ಎಪ್ಪತ್ತೇಳು..."

"ಕ್ವಾರಿ ಗೆಲ್ತಿತ್ತು," ಅಂದಳು. ಮಗನ ಕಡೆ ತಿರುಗಿದಳು. "ಸತ್ತವರು ಹನ್ನೆರಡರೊಳಗೆ ಶಾಮಿಯಾನಕ್ಕೆ ಬಂದಿದ್ರೆ ನೀವೇ ಗೆಲ್ತಿದ್ರಿ. ಅವರನ್ನ ಗುಂಡಿಲಿ ಕೂರಿಸಿ ನಿಮಗೆ ಏನೂ ಸಿಗಲ್ಲ."

ಮಗನ ಬಾಯಿ ತೆರೆದೇ ಇತ್ತು.

"ಹಾಗಿದ್ರೆ ಏಣಿ ತೆಗೆದವರು ಯಾರು? ಹತ್ತೂವರೆಯಿಂದ ಹನ್ನೊಂದರ ಒಳಗೆ ಮೂವರಿಗೂ ಅವಕಾಶ ಇತ್ತು. ಏಣಿ ಮೇಲೆ ಎಲ್ಲರ ಕೈ ಗುರುತೂ ಇದೆ. ದಿನಾ ಬಳಸೋ ಏಣಿ. ಎರಡು ದಿನ ಆ ಏಣಿ ಹಿಂದೇನೇ ಬಿದ್ದಿದ್ದೆ. ತಪ್ಪು ನನ್ನದೇ. ನೋಡಬೇಕಾಗಿದ್ದದ್ದು ಏಣಿ ಅಲ್ಲ." ಅವಳು ಬಗ್ಗಿ ದೊಡ್ಡವರ ಮುಖದ ಹತ್ತಿರ ಹೋದಳು. "ಯಜಮಾನರೇ, ಆವತ್ತು 'ಇನ್ನೊಂದು ಸಲ ಹಾಕು' ಅಂತ ಎಷ್ಟು ಸಲ ಹೇಳಿದ್ರಿ?"

"ನಾನಾ? ನಾನ್ಯಾಕೆ ಹೇಳಲಿ?"

"ಅಪ್ಪಾ, ನೀವೇ ಅಲ್ವಾ ಅಂದದ್ದು?" ಮಗ ನಡುವೆ ಬಾಯಿ ಹಾಕಿದ. "ನನ್ನ ಕಿವಿ ಹರಿದುಹೋಗ್ತಿದೆ, ಸಾಕು ಮಾಡಿ ಅಂದ್ರೆ, ಅಪ್ಪನಿಗೆ ಇನ್ನೂ ಬೇಕಂತೆ ಅಂತ ಅಕ್ಕ..."

ಅಲ್ಲಿಗೆ ನಿಂತ. ನಿಧಾನವಾಗಿ ಅಕ್ಕನ ಕಡೆ ತಿರುಗಿದ.

ಅಮ್ಮಾವ್ರು ಮಾದರಿಯ ಗಾಜಿನ ಕೊಳವನ್ನು ನೋಡುತ್ತಿದ್ದಳು.

"ಕಿವಿ ಯಂತ್ರ," ಅಂದಳು ತನಿಖಾಧಿಕಾರಿ. "ಹನ್ನೊಂದು ಗಂಟೆಗೆ ಕಿತ್ತು ಡಬ್ಬಿಗೆ ಹಾಕಿದೆ, ಈಗ ಹಾಕ್ಕೋತಿದೀನಿ ಅಂತ ಇವರು ನನ್ನ ಎದುರೇ ಹೇಳಿದ್ರು. ಮೂರು ಗಂಟೆಗೆ. ನಾವೆಲ್ಲ ಕೇಳಿಸಿಕೊಂಡ್ವಿ, ಯಾರೂ ತಲೆಗೆ ಹಾಕ್ಕೊಳ್ಳಲಿಲ್ಲ. ಗಲಾಟೆ ತಡೆಯೋಕಾಗದೆ ಯಂತ್ರ ಕಿತ್ತಿಟ್ಟ ಮನುಷ್ಯ, ಅದೇ ಗಲಾಟೆ ಇನ್ನೊಂದು ಸಲ ಬೇಕು ಅಂತ ಎಂಟು ಸಲ ಕೇಳ್ತಾರಾ? ಇವರು ಕೇಳಲಿಲ್ಲ. ಇವರ ಹೆಸರಲ್ಲಿ ಪಕ್ಕದ ಕುರ್ಚಿಯವರು ಕೇಳಿದ್ರು. ದೊಡ್ಡವರ ಆಸೆ ಅಂದ್ರೆ ಎದುರಾಡೋರು ಈ ಮನೇಲಿ ಇಲ್ಲ ಅಂತ ಗೊತ್ತಿತ್ತು."

ಅವಳು ಮಾದರಿಯ ಮೇಜನ್ನು ಬಳಸಿ ಈಚೆ ಬಂದಳು.

"ಮೂರನೇ ಸಲ ಮುಗಿದಾಗ ಹನ್ನೊಂದು ಸೆಕೆಂಡ್ ನಿಶ್ಶಬ್ದ. ಆಗ ಒಂದು ಕೂಗು ಬಂತು. ಕಿವಿಗೆ ಬಿದ್ದದ್ದು ಹಲವರಿಗೆ. ಹದಿನೈದು ನಿಮಿಷ ಕಿರುಚಾಟ ಕೇಳಿ ಎಲ್ಲರ ಕಿವಿ ಗುಂಯ್ ಅಂತಿತ್ತು. ಇದೂ ಅದರದ್ದೇ ಬಾಲ ಅಂದ್ಕೊಂಡ್ರು. ಆದರೆ ಗುಂಡಿಲಿ ಒಬ್ಬ ಇದಾನೆ, ಅವನಿಗೆ ಏಣಿ ಇಲ್ಲ ಅಂತ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅವರು ವಾಕಿಟಾಕಿ ಎತ್ಕೊಂಡ್ರು. ಹಾರ್ನನ್ನ ನಮ್ಮ ಕಡೆ ತಿರುಗಿಸು, ಗ್ಯಾಪ್ ಬಿಡಬೇಡ. ಅಲ್ವಾ ಅಮ್ಮಾ?"

ಅಮ್ಮಾವ್ರು ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನಾನು ಏಣಿ ಮಾತ್ರ ತೆಗೆದೆ."

"ಹೇಳಿ."

"ಬೆಳಗ್ಗೆ ನನ್ನ ಕಾರು ನೋಡಿ ಕೈ ಮಾಡಿದ್ರು. ಹೋದೆ. ಗುಂಡಿಯೊಳಗಿಂದಲೇ ಹೇಳಿದ್ರು, ಟೊಳ್ಳಿದೆ, ಹನ್ನೆರಡಕ್ಕೆ ಬಂದು ಎಲ್ಲರ ಮುಂದೆ ಹೇಳ್ತೀನಿ ಅಂತ. ಒಂದು ದಿನ ಬಿಟ್ಟು ಹೇಳಿ ಅಂದೆ. ಆಗಲ್ಲ ಅಂದ್ರು. ಒಂದು ಗಂಟೆ ಮಾತ್ರ ಕೂರಲಿ ಅಂತ ಏಣಿ ಎಳ್ಕೊಂಡೆ. ಗೋಡೆ ಬೀಳುತ್ತೆ ಅಂತ ನಂಗೇನು ಗೊತ್ತು? ಅದು ಅಪಘಾತ."

"ಏಣಿ ತೆಗೆದದ್ದಕ್ಕೆ ನಾನು ಬಂದಿಲ್ಲ," ಅಂದಳು ತನಿಖಾಧಿಕಾರಿ. "ಗೋಡೆ ಬಿದ್ದದ್ದು ಅಪಘಾತ, ಒಪ್ಪಿದೆ. ಆದರೆ ಹನ್ನೊಂದೂ ಕಾಲಿಗೆ ಆ ಮನುಷ್ಯ ಬದುಕಿದ್ದ. ನಾಲ್ಕು ಜನ ಹೋಗಿ ಮಣ್ಣು ತೋಡಿದ್ರೆ ಎದ್ದು ಬರ್ತಿದ್ದ. ನೀವು ಕೂಗು ಕೇಳಿಸಿಕೊಂಡ್ರಿ, ಗಡಿಯಾರ ನೋಡಿದ್ರಿ, ಇನ್ನೊಂದು ಸಲ ಹಾಕು ಅಂದ್ರಿ. ಐದು ನಿಮಿಷಕ್ಕೊಂದು ಸಲ, ಎಂಟು ಸಲ. ಒಂದೊಂದು ಸಲವೂ ಹೊಸದಾಗಿ ಯೋಚನೆ ಮಾಡಿ ಹೇಳಿದ್ರಿ. ಅಪಘಾತ ಎಂಟು ಸಲ ಆಗಲ್ಲ."

"ಹದಿನಾಲ್ಕು ವರ್ಷ ಮೇಡಂ," ಅಂದಳು ಅಮ್ಮಾವ್ರು. ಅಪ್ಪನನ್ನು ನೋಡಿ ಹೇಳಿದಳು, ತನಿಖಾಧಿಕಾರಿಯನ್ನಲ್ಲ. "ಹದಿನಾಲ್ಕು ವರ್ಷ ಆ ಹಳೇ ಪಾರ್ಕನ್ನ ನಾನು ಹೊತ್ತೆ. ಇವನು ಹೋದ ವರ್ಷ ಬಂದ. ಮತ್ತೆ ಟಿಕೆಟ್ ಹರಿಯೋಕೆ ನಿಲ್ಲಲಾ ನಾನು? ಇವರು ನಗೋದನ್ನ ನೋಡ್ತಾ?"

ದೊಡ್ಡವರು ಮಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಅಳುತ್ತಾರೇನೋ ಅಂದುಕೊಂಡ ಸೌಂಡು. ಅವರು ಕೈಗೋಲು ಚಾಚಿ ಮಾದರಿಯ ಕೆಂಪು ಟವರಿನ ತುದಿ ಮುಟ್ಟಿದರು.

"ಸಹಿ ಹಾಕಿಯಾಗಿದೆ. ನನ್ನ ಸಹಿ ನಾನು ವಾಪಸ್ ತಗೊಂಡವನಲ್ಲ." ಮಗನ ಕಡೆ ನೋಡದೆ ಹೇಳಿದರು. "ಲೋ, ಈ ಟವರನ್ನ ನೂರಡಿ ಪಶ್ಚಿಮಕ್ಕೆ ಸರಿಸೋಕೆ ಹೇಳು. ಪೂರ್ವದಲ್ಲಿ ಟೊಳ್ಳಿದೆಯಂತೆ."

"ಆಗಲಿ ಅಪ್ಪ," ಅಂದ ಮಗ. ಪ್ಲಾನರ್ ಪೆನ್ಸಿಲ್ ತೆಗೆದ.

ಅಮ್ಮಾವ್ರನ್ನು ಕರೆದುಕೊಂಡು ಹೋದರು. ಬಾಗಿಲಲ್ಲಿ ಸೌಂಡುವಿನ ಎದುರು ಹಾದಾಗ ಅವಳು ನಿಂತಳು.

"ನೀನೂ ಕೇಳಿಸಿಕೊಂಡಿದ್ದೆ," ಅಂದಳು ಮೆಲ್ಲಗೆ.

*

ಸಂಜೆ ಅಕ್ಕನ ಮನೆಯಲ್ಲಿ ದೀಪ ಹಾಕಿರಲಿಲ್ಲ. ಅಕ್ಕ ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅಮ್ಮಾವ್ರ ಹೆಸರು ಬಂದಾಗ, ಆಕೆ ಒಂದು ಗಂಟೆ ಹಿಡಿದುಕೊಂಡಿದ್ದ ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡಳು. ತಾನು ಹೆಡ್‌ಫೋನಿನಲ್ಲಿ ಕೇಳಿದ್ದನ್ನೊಂದು ಬಿಟ್ಟು ಉಳಿದದ್ದೆಲ್ಲ ಸೌಂಡು ಹೇಳಿದ.

"ಎಷ್ಟು ಹೊತ್ತು ಕೂಗಿದ್ರು?"

"ಅಕ್ಕಾ, ಅದೆಲ್ಲ ಯಾಕೀಗ..."

"ಎಷ್ಟು ಹೊತ್ತು?"

ಹಾಳೆಯ ಮೊದಲ ಗೆರೆ, ಕೊನೆಯ ಗೆರೆ ಅವನಿಗೆ ಬಾಯಿಪಾಠವಾಗಿತ್ತು.

"ಇಪ್ಪತ್ತೊಂಬತ್ತು ನಿಮಿಷ."

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಯಾರನ್ನ ಕರೆದ್ರು?"

ಸೌಂಡು ಹೇಳಿದ, "ನಿನ್ನನ್ನೇ ಅಕ್ಕ."

ಅವಳು ಅವನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಅವನು ಹೇಳಿದ ಸುಳ್ಳನ್ನೆಲ್ಲ ಹಿಡಿಯುತ್ತಿದ್ದದ್ದು ಅವಳೇ.

"ನಾನು ಅಲ್ಲಿಲ್ಲ ಅಂತ ಅವರಿಗೆ ಗೊತ್ತಿತ್ತು," ಅಂದಳು. "ಇದ್ದದ್ದು ನೀನು."

ಸೌಂಡು ತಲೆ ತಗ್ಗಿಸಿದ.

ಅಕ್ಕ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು. ಅವನು ಹೊಸ್ತಿಲ ಬಳಿ ಕತ್ತಲಲ್ಲಿ ಚಪ್ಪಲಿ ತಡಕಾಡಿ ಹಾಕಿಕೊಂಡು, ಮೆಟ್ಟಿಲಿಳಿದು ಬೀದಿಗೆ ಬಂದ. ಹಿಂದೆ ಚಿಲಕ ಬಿದ್ದದ್ದು ಕೇಳಿಸಿತು.